ಹಾಫ್ ಮೂನ್ ಬೇ ಹೊಲದಲ್ಲಿ ಅಮ್ಮ ಆರಿಸಿದ ಕುಂಬಳಕಾಯಿ

ಸ್ಯಾನ್ ಫ್ರಾನ್ಸಿಸ್ಕೋದಿಂದ ದಕ್ಷಿಣಕ್ಕೆ, ಪೆಸಿಫಿಕ್ ಸಮುದ್ರದ ಅಂಚಿನಲ್ಲಿ ಹಾಫ್ ಮೂನ್ ಬೇ ಅಂತ ಒಂದು ಪುಟ್ಟ ಊರಿದೆ. ಉಳಿದ ತಿಂಗಳೆಲ್ಲ ಮಂಜು, ಮೀನು, ಹೂವಿನ ನರ್ಸರಿ ಅಂತ ತನ್ನ ಪಾಡಿಗೆ ತಾನಿರೋ ಊರು. ಅಕ್ಟೋಬರ್ ಬಂದರೆ ಮಾತ್ರ ರಸ್ತೆಯ ಎರಡೂ ಬದಿ ಕಿತ್ತಳೆ ಬಣ್ಣ. ಇಲ್ಲಿನವರು ತಮ್ಮ ಊರನ್ನ ‘ಜಗತ್ತಿನ ಕುಂಬಳಕಾಯಿ ರಾಜಧಾನಿ’ ಅಂತ ಕರೆದುಕೊಳ್ಳುತ್ತಾರೆ. 1971ರಿಂದ ಕುಂಬಳಕಾಯಿ ಜಾತ್ರೆ, 1974ರಿಂದ ಕುಂಬಳಕಾಯಿ ತೂಕದ ಸ್ಪರ್ಧೆ ನಡೆಸಿಕೊಂಡು ಬಂದಿದ್ದಾರೆ.

ತೂಕದ ಸ್ಪರ್ಧೆ ಅಂದರೆ ನಾವು ಸಂತೆಯಲ್ಲಿ ನೋಡೋ ಗಾತ್ರ ಅಂದುಕೊಳ್ಳಬೇಡಿ. 2023ರಲ್ಲಿ ಮಿನ್ನೆಸೋಟಾದ ಟ್ರಾವಿಸ್ ಗೀಂಗರ್ ಅನ್ನೋ ತೋಟಗಾರಿಕೆ ಮೇಷ್ಟ್ರು ತಂದ ಕಾಯಿ 2,749 ಪೌಂಡ್ ತೂಗಿತು. ಅಂದರೆ 1,247 ಕೆಜಿ. ಒಂದು ಆಲ್ಟೊ ಕಾರಿಗಿಂತ ಭಾರ! ಅದಕ್ಕೆ ‘ಮೈಕೆಲ್ ಜೋರ್ಡನ್’ ಅಂತ ಹೆಸರು ಬೇರೆ ಇಟ್ಟಿದ್ದರು. ಆಗ ಅದು ವಿಶ್ವದಾಖಲೆ. 2025ರಲ್ಲಿ ಇಂಗ್ಲೆಂಡಿನ ಅವಳಿ ಸೋದರರು ಅದನ್ನೂ ಮುರಿದರು. ಆ ಫೋಟೋ ನೋಡಿ ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ, “ಅದನ್ನ ಎಷ್ಟು ಜನಕ್ಕೆ ಹುಳಿ ಮಾಡ್ತಾರೋ?”

ಯಾರೂ ಮಾಡಲ್ಲ. ಇಂಥ ದೈತ್ಯಗಳು ಗಾತ್ರಕ್ಕೆ ಅಂತಲೇ ಬೆಳೆಸಿದವು. ನೀರು ನೀರು, ರುಚಿ ಇಲ್ಲ. ನೋಡೋಕೆ ಮಾತ್ರ.

ಇಲ್ಲಿನ ಕುಂಬಳಕಾಯಿ ಕಥೆಯೇ ಬಹುಪಾಲು ಹಾಗೆ. ಸೆಪ್ಟೆಂಬರ್ ಕೊನೆಯಿಂದ ಹ್ಯಾಲೋವೀನ್‌ವರೆಗೆ ಅಮೆರಿಕದ ಮನೆಮನೆಯ ಮುಂದೆ ಕುಂಬಳಕಾಯಿ ಕೂತಿರುತ್ತೆ. ವಾರಾಂತ್ಯಕ್ಕೆ ಸಂಸಾರ ಸಮೇತ ‘ಪಂಪ್‌ಕಿನ್ ಪ್ಯಾಚ್’ಗೆ ಹೋಗೋದು, ಹುಲ್ಲಿನ ಪೆಂಡಿ ಮೇಲೆ ಮಕ್ಕಳನ್ನ ಕೂರಿಸಿ ಫೋಟೋ ತೆಗೆಯೋದು, ತಳ್ಳುಗಾಡಿಯಲ್ಲಿ ನಾಲ್ಕು ಕಾಯಿ ತುಂಬಿಕೊಂಡು ಬರೋದು, ಕಣ್ಣು ಬಾಯಿ ಕೊರೆದು ಒಳಗೆ ದೀಪ ಇಡೋದು. ನವೆಂಬರ್ ಮೊದಲ ವಾರ ಕಸದ ಡಬ್ಬಿ. ಅಮೆರಿಕಕ್ಕೆ ಬಂದು ಆರು ವರ್ಷ, ನಾನು ಕೊಂಡ ಕುಂಬಳಕಾಯಿಗಳಲ್ಲಿ ಒಂದನ್ನೂ ತಿಂದಿರಲಿಲ್ಲ. ನನ್ನ ನಾಲ್ಕು ವರ್ಷದ ಮಗಳಿಗಂತೂ ಕುಂಬಳಕಾಯಿ ಅನ್ನೋದು ಬಲೂನ್, ಟೆಡ್ಡಿಬೇರ್ ಸಾಲಿಗೆ ಸೇರಿದ ವಸ್ತು.

2023ರ ಅಕ್ಟೋಬರಿನಲ್ಲಿ ಅಪ್ಪ ಅಮ್ಮ ಬಂದಿದ್ದರು. ಹಾಸನದ ಹತ್ತಿರದ ಹಳ್ಳಿಯವರು, ನಮ್ಮ ಸನ್ನಿವೇಲ್‌ನ ಎರಡು ಬೆಡ್‌ರೂಮ್ ಅಪಾರ್ಟ್‌ಮೆಂಟಿನಲ್ಲಿ ಆರು ತಿಂಗಳು. ಅಪ್ಪ ಹೇಗೋ ಪಾರ್ಕು, ವಾಕಿಂಗು, ನಾಲ್ಕು ಜನ ಕನ್ನಡದ ರಿಟೈರ್ಡ್ ಸ್ನೇಹಿತರು ಅಂತ ಹೊಂದಿಕೊಂಡರು. ಅಮ್ಮನದೇ ಕಷ್ಟ. ಊರಿನಲ್ಲಿ ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿವರೆಗೆ ಅವಳಿಗೆ ಕೆಲಸ, ಅವಳ ಮಾತಿಗೆ ಬೆಲೆ. ಇಲ್ಲಿ ಸ್ಟೌ ಹಚ್ಚೋಕೂ ನಮ್ಮನ್ನ ಕೇಳಬೇಕು. ಅಡುಗೆಮನೆ ಸಿಂಕಿನಲ್ಲಿ ಏನು ಹಾಕಬಹುದು, ಏನು ಹಾಕಬಾರದು ಅಂತ ಹೇಳಿಸಿಕೊಳ್ಳಬೇಕು. ಮೂರನೇ ವಾರಕ್ಕೇ “ನಾನಿಲ್ಲಿ ಯಾಕಿದೀನೋ?” ಅಂತ ಒಂದು ದಿನ ಕೇಳಿದ್ದಳು. ತಮಾಷೆಗೆ ಕೇಳಿದ ಹಾಗಿರಲಿಲ್ಲ.

ಜಾತ್ರೆಯ ಶನಿವಾರ ಭಾನುವಾರ ಹಾಫ್ ಮೂನ್ ಬೇ ಕಡೆ ತಲೆ ಹಾಕಬೇಡಿ. 92ನೇ ಹೆದ್ದಾರಿ ಬೆಟ್ಟ ಹತ್ತಿ ಇಳಿಯೋ ಕಿರಿದಾದ ರಸ್ತೆ, ಅವತ್ತು ಅಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನೇ ನೆನಪಾಗುತ್ತೆ. ನಾವು ಒಂದು ವಾರ ಬಿಟ್ಟು, ನವರಾತ್ರಿಯ ನಡುವೆ ಬಂದ ಶನಿವಾರ ಬೆಳಗ್ಗೆ ಬೇಗ ಹೊರಟೆವು. 280ರಲ್ಲಿ ಉತ್ತರಕ್ಕೆ ಹೋಗಿ, ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯದ ಪಕ್ಕ ತಿರುಗಿ, ಬೆಟ್ಟ ದಾಟಿದ ಕೂಡಲೇ ಮಂಜು. ಅಪ್ಪ ಕಿಟಕಿ ಇಳಿಸಿ, “ನಮ್ಮ ಸಕಲೇಶಪುರ ಘಾಟಿ ಹಂಗೇ ಇದೆಯಲ್ಲೋ” ಅಂದರು. ಬೆಟ್ಟ ಇಳಿದರೆ ಒಂದಾದ ಮೇಲೊಂದು ತೋಟ. ಕ್ರಿಸ್‌ಮಸ್ ಮರಗಳು, ಆರ್ಟಿಚೋಕ್, ಪುಟಾಣಿ ಎಲೆಕೋಸಿನಂಥ ಬ್ರಸೆಲ್ಸ್ ಸ್ಪ್ರೌಟ್ಸ್, ಮತ್ತೆ ಕುಂಬಳಕಾಯಿ, ಕುಂಬಳಕಾಯಿ, ಕುಂಬಳಕಾಯಿ.

ಕಾರಿಳಿದ ಅಮ್ಮ ಹೊಲದ ಅಂಚಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಎದುರಿಗೆ ಸಾವಿರಾರು ಕಾಯಿ ಮಣ್ಣಿನ ಮೇಲೆ ಜೋಡಿಸಿದ ಹಾಗೆ ಬಿದ್ದಿದ್ದವು.

“ಬಳ್ಳಿ ಎಲ್ಲಿ?” ಅಂದಳು.

ನಿಜವೇ. ಬಳ್ಳಿ ಇರಲಿಲ್ಲ. ಎಷ್ಟೋ ಪ್ಯಾಚ್‌ಗಳಲ್ಲಿ ಕಾಯಿಯನ್ನ ಬೇರೆ ಹೊಲದಲ್ಲಿ ಕೊಯ್ದು ತಂದು ಇಲ್ಲಿ ಹರಡಿರುತ್ತಾರೆ. ನಾವು ‘ಪಿಕ್’ ಮಾಡೋದು ಅಂದರೆ ನೆಲದಿಂದ ಎತ್ತಿಕೊಳ್ಳೋದು ಅಷ್ಟೇ. ಎಷ್ಟೋ ಸಲ ಹೋಗಿ ಬಂದಿದ್ದ ನನ್ನ ಕಣ್ಣಿಗೆ ಬೀಳದ್ದು ಅಮ್ಮನಿಗೆ ಹತ್ತು ಸೆಕೆಂಡಿನಲ್ಲಿ ಬಿತ್ತು. “ಸಂತೇಲಿ ರಾಶಿ ಹಾಕಿರೋದನ್ನ ನೋಡೋಕೆ ಇಷ್ಟು ದೂರ ಪೆಟ್ರೋಲ್ ಸುಟ್ಕೊಂಡು ಬಂದ್ರಾ?” ಅಂತ ಅಪ್ಪನ ಮುಖ ನೋಡಿದಳು. ಅಪ್ಪ ಮೇಕೆಗಳ ಕಡೆ ನಡೆದರು.

ಆದರೆ ಹಿಂದಿನ ಹೊಲದಲ್ಲಿ ಬಳ್ಳಿಯೂ ಇತ್ತು. ಎಲೆಯ ಮೇಲೆಲ್ಲ ಬೂದಿ ಎರಚಿದ ಹಾಗೆ ಬೂದುರೋಗ ಹತ್ತಿತ್ತು. ಋತು ಮುಗಿಯೋ ಹೊತ್ತಿಗೆ ಅದು ಬರೋದೇ. ಆದರೂ ತುದಿಯಲ್ಲಿ ಹೂ ಇದ್ದವು. ಬೆಳಗಿನ ಮಂಜಿಗೆ ಇನ್ನೂ ಮುಚ್ಚಿರಲಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ, ಅಮ್ಮನ ವಯಸ್ಸಿನ ಮೆಕ್ಸಿಕನ್ ಹೆಂಗಸೊಬ್ಬರನ್ನ ಅಮ್ಮ ಕೈಸನ್ನೆಯಲ್ಲೇ ಮಾತಾಡಿಸಿದಳು. ಹೂ ತೋರಿಸಿ, ಬೆರಳು ಕೂಡಿಸಿ ಬಾಯಿ ಹತ್ತಿರ ತಂದು, ಹುಬ್ಬೇರಿಸಿದಳು. ತಿಂತೀರಾ?

ಆ ಹೆಂಗಸಿನ ಮುಖ ಅರಳಿದ್ದು ನೋಡಬೇಕಿತ್ತು. “ಸೀ, ಸೀ! ಫ್ಲೋರ್ ದೆ ಕಲಬಾಸಾ!” ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಅಮ್ಮನಿಗೆ ಸ್ಪ್ಯಾನಿಷ್ ಬಿಡಿ, ಇಂಗ್ಲಿಷೂ ಬರಲ್ಲ. ಆದರೂ ಅವರು ರೊಟ್ಟಿ ತಟ್ಟಿ ಮಡಚೋ ಹಾಗೆ ಕೈ ಮಾಡಿದರೆ ಇವಳು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡೋ ಹಾಗೆ ಮಾಡಿದಳು. ನಮ್ಮ ಕಡೆ ಹೂವಿನ ಬಜ್ಜಿ, ಅವರ ಕಡೆ ಚೀಸ್ ಜೊತೆ ಹೂ ತುಂಬಿದ ಕೆಸಡೀಯ. ಕಾಯಾಗದ ಗಂಡು ಹೂ ಮಾತ್ರ ಕೀಳಬೇಕು ಅನ್ನೋದು ಇಬ್ಬರಿಗೂ ಗೊತ್ತಿತ್ತು. ಬುಡದಲ್ಲಿ ಪುಟ್ಟ ಗುಂಡು ಕಾಯಿ ಇದ್ದರೆ ಹೆಣ್ಣು ಹೂ, ಬರೀ ಉದ್ದ ತೊಟ್ಟಾದರೆ ಗಂಡು. ಏಳೆಂಟು ಹೂ ಕಿತ್ತು ಅಮ್ಮನ ಸೆರಗಿಗೆ ಹಾಕಿದರು. ದುಡ್ಡು ಕೊಡೋಕೆ ಹೋದರೆ ಬೇಡವೆಂದರು.

ಯೋಚಿಸಿದರೆ ಕುಂಬಳಕಾಯಿ ಮೂಲತಃ ಅವರದೇ. ಈ ಕುಲದ ಕಾಯಿಗಳನ್ನ ಮೊದಲು ಪಳಗಿಸಿದ್ದು ಮೆಕ್ಸಿಕೋದ ಕಡೆ, ಸುಮಾರು 10,000 ವರ್ಷದ ಹಿಂದೆ. ಆಗಿನ ತಿರುಳು ಕಹಿ, ಜನ ಬೀಜಕ್ಕೆ ಅಂತ ಬೆಳೆದರು. ನಾವು ಅಜ್ಜಿ ಕಾಲದಿಂದ ನಮ್ಮದೇ ಅಂದುಕೊಂಡಿರೋ ಸಿಹಿಗುಂಬಳ ನಮ್ಮ ಕಡೆಗೆ ಬಂದದ್ದು ಕೊಲಂಬಸ್ ಅಮೆರಿಕ ಮುಟ್ಟಿದ ಮೇಲೆ. ನಮ್ಮ ಏಷ್ಯಾದ್ದು ಬೂದುಗುಂಬಳ. ಅದು ಬೇರೆಯದೇ ಕುಲ. ಆಯುಧಪೂಜೆಗೆ ಒಡೆಯೋದು, ಹೊಸ ಮನೆಗೆ ದೃಷ್ಟಿಗೆ ಕಟ್ಟೋದು, ಮಜ್ಜಿಗೆಹುಳಿಗೆ ಹಾಕೋದು ಎಲ್ಲ ಅದೇ.

ಮಗಳು ಅಷ್ಟರಲ್ಲಿ ಗುಂಡಗೆ, ನುಣ್ಣಗೆ ಇದ್ದ ಒಂದು ಕಿತ್ತಳೆ ಕಾಯಿಯನ್ನ ಅಪ್ಪಿಕೊಂಡು ಕೂತಿದ್ದಳು. ಮುಖ ಕೊರೆಯೋಕೆ ಎಲ್ಲರೂ ಕೊಳ್ಳೋದು ಅದನ್ನೇ. ಅಮ್ಮ ಅದನ್ನ ಬೆರಳಲ್ಲಿ ತಟ್ಟಿ, “ಇದು ಸೋರೆಬುರುಡೆ ಥರ ಇದೆ, ಒಳಗೆ ಏನೂ ಇಲ್ಲ” ಅಂದಳು. ಅವಳ ಲೆಕ್ಕ ಸರಿಯಾಗಿತ್ತು. ದೀಪದ ಕುಂಬಳಕ್ಕೆ ಗೋಡೆ ತೆಳ್ಳಗಿರಬೇಕು, ಒಳಗೆ ಟೊಳ್ಳಿರಬೇಕು. ತಿರುಳು ನಾರು ನಾರು, ಸಪ್ಪೆ.

ಆಮೇಲೆ ಅವಳು ಮೂಲೆಯಲ್ಲಿ ‘ಅಲಂಕಾರಕ್ಕೆ’ ಅಂತ ಬೋರ್ಡ್ ಹಾಕಿದ್ದ ರಾಶಿಯ ಹತ್ತಿರ ಹೋದಳು. ಬಿಳಿ, ಹಸಿರು, ಗಂಟು ಗಂಟಿನವು, ಹಂಸದ ಕತ್ತಿನವು. ಅವುಗಳ ನಡುವೆ ಚಪ್ಪಟೆ, ಮಣ್ಣು ಬಣ್ಣದ, ಆಳವಾದ ಹೋಳು ಗೆರೆಗಳಿದ್ದ ಒಂದು ಕಾಯಿ. ಅಮ್ಮ ಕೂಗಿದಳು, “ಲೋ, ಬಾರೋ ಇಲ್ಲಿ! ಇದು ನಮ್ಮ ಕುಂಬಳಕಾಯಿ ಕಣೋ!”

ಚೀಟಿಯಲ್ಲಿ ‘ಫೇರಿಟೇಲ್’ ಅಂತಿತ್ತು. ಫ್ರಾನ್ಸಿನ ಮೂಲದ ತಳಿ. ಅಲ್ಲೇ ನಿಂತು ಫೋನಿನಲ್ಲಿ ನೋಡಿದೆ. ಅಮ್ಮ ಹೇಳಿದ್ದು ಅಕ್ಷರಶಃ ನಿಜ. ಅಂಗಡಿಯಲ್ಲಿ ‘ಪಂಪ್‌ಕಿನ್’ ಅಂತ ಸಿಗೋದರಲ್ಲಿ ಮುಖ್ಯವಾಗಿ ಮೂರು ಜಾತಿ. ದೀಪದ ಕುಂಬಳ ಪೆಪೊ ಜಾತಿ, ತೂಕದ ಸ್ಪರ್ಧೆಯ ದೈತ್ಯಗಳು ಮ್ಯಾಕ್ಸಿಮಾ, ನಮ್ಮ ಊರಿನಲ್ಲಿ ಹೆಚ್ಚಾಗಿ ಬೆಳೆಯೋ ಸಿಹಿಗುಂಬಳ ಮಾಸ್ಕೇಟಾ. ಫೇರಿಟೇಲ್ ಕೂಡ ಮಾಸ್ಕೇಟಾ. ಬಟರ್‌ನಟ್ ಸ್ಕ್ವಾಶ್ ಕೂಡ ಅದೇ. ಇನ್ನೂ ತಮಾಷೆ ಅಂದರೆ ಅಮೆರಿಕನ್ನರು ಪೈ ಮಾಡೋಕೆ ತರೋ ಡಬ್ಬಿ ಕುಂಬಳಕಾಯಿ ಇದೆಯಲ್ಲ, ಅದರ ಬಹುಪಾಲು ಇಲಿನಾಯ್ ರಾಜ್ಯದ ಮಾರ್ಟನ್ ಊರಿನ ಸುತ್ತಮುತ್ತಲಿನದು. ಅಲ್ಲಿ ಬೆಳೆಯೋ ಡಿಕಿನ್ಸನ್ ತಳಿಯೂ ಮಾಸ್ಕೇಟಾವೇ. ಅಂದರೆ ನೋಡೋಕೆ ಒಂದು ಕುಂಬಳ, ತಿನ್ನೋಕೆ ಬೇರೆ ಕುಂಬಳ ಅನ್ನೋದು ಇಲ್ಲಿನ ಕಾರ್ಖಾನೆಯವರಿಗೂ ಗೊತ್ತಿದೆ. ನಮಗೆ ಮಾತ್ರ ಯಾರೂ ಹೇಳಿರಲಿಲ್ಲ.

ನೀವು ಪ್ಯಾಚ್‌ಗೆ ಹೋದರೆ ತೊಟ್ಟು ನೋಡಿ. ತೊಟ್ಟು ಗಟ್ಟಿಯಾಗಿ, ಐದು ಮೂಲೆಯಾಗಿ, ಕಾಯಿಗೆ ಸೇರೋ ಕಡೆ ಹಕ್ಕಿಪಾದದ ಹಾಗೆ ಅಗಲವಾಗಿ ಹರಡಿದ್ದರೆ ಅದು ಮಾಸ್ಕೇಟಾ, ಕಣ್ಣು ಮುಚ್ಚಿ ತನ್ನಿ. ಬೆಂಡಿನ ಹಾಗೆ ದಪ್ಪ, ಗುಂಡಗಿನ ತೊಟ್ಟಾದರೆ ಮ್ಯಾಕ್ಸಿಮಾ. ಅದರಲ್ಲಿ ಜಪಾನಿನ ಕಬೋಚ ಬಲು ರುಚಿ, ದೊಡ್ಡವು ಬೇಡ. ಪೆಪೊದಲ್ಲಿ ‘ಶುಗರ್ ಪೈ’ ಅಂತ ಬರೆದಿರೋ ಚಿಕ್ಕವು ಅಡುಗೆಗೆ ಆಗುತ್ತೆ. ಅಮ್ಮನ ಪರೀಕ್ಷೆ ಇನ್ನೂ ಸುಲಭ. ತೊಟ್ಟು ಒಣಗಿರಬೇಕು, ಸಿಪ್ಪೆಗೆ ಉಗುರು ಇಳಿಯಬಾರದು, ಗಾತ್ರಕ್ಕಿಂತ ತೂಕ ಹೆಚ್ಚು ಅನ್ನಿಸಬೇಕು. ಗಂಟುಗಂಟಿನ ಅಲಂಕಾರದ ಬುರುಡೆಗಳನ್ನ ಮಾತ್ರ ಬಾಯಿಗಿಡಬೇಡಿ. ಯಾವ ಕುಂಬಳವಾಗಲಿ, ಒಂದು ಚೂರು ನಾಲಿಗೆಗಿಟ್ಟಾಗ ಕಹಿ ಅನ್ನಿಸಿದರೆ ಇಡೀ ಕಾಯಿ ಎಸೆದುಬಿಡಿ. ಆ ಕಹಿಯ ಅಂಶ ಹೊಟ್ಟೆ ಕೆಡಿಸುತ್ತೆ, ಬೇಯಿಸಿದರೂ ಹೋಗಲ್ಲ.

ಅಮ್ಮನ ಕಾಯಿ 17 ಪೌಂಡ್ ಚಿಲ್ಲರೆ ತೂಗಿತು, ಎಂಟು ಕೆಜಿಗೆ ಹತ್ತಿರ. ತಳ್ಳುಗಾಡಿ ಇದ್ದರೂ ಅಪ್ಪ ಅದನ್ನ ಹೆಗಲ ಮೇಲಿಟ್ಟುಕೊಂಡೇ ಬಂದರು. ದುಡ್ಡು ಕೊಡೋ ಸಾಲಿನಲ್ಲಿ ನಿಂತಾಗ ಅವರ ನೀಲಿ ಜಾಕೆಟ್ಟಿನ ಹೆಗಲ ತುಂಬ ಮಣ್ಣು. ಕೌಂಟರಿನ ಹುಡುಗಿ ಅತ್ತ ನೋಡಿದಳು ಅಂತ ಅಪ್ಪ ಹೆಗಲು ಒರೆಸಿಕೊಂಡರು. ಅಮ್ಮ ಬಿಡ್ತಾಳಾ? “ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ!” ಅವಳು ಹಾಗೆ ಬಾಯಿ ತುಂಬ ನಕ್ಕಿದ್ದು ಅಮೆರಿಕಕ್ಕೆ ಬಂದಮೇಲೆ ಅದೇ ಮೊದಲು.

ಮನೆಗೆ ಬಂದ ಮೇಲೆ ಒಂದು ರಗಳೆ. ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಕತ್ತಿ ಹಾಕಬಾರದು ಅಂತ ಇದೆ. ಗಂಡಸರು ಯಾರಾದರೂ ಒಂದು ಗಾಯ ಮಾಡಿಕೊಡಬೇಕು, ಆಮೇಲೆ ಹೆಂಗಸರು ಹೆಚ್ಚಬಹುದು. ಅಪ್ಪ ಸ್ನಾನಕ್ಕೆ ಹೋಗಿದ್ದರು, ನಾನು ಫೋನಿನಲ್ಲಿದ್ದೆ. ನನ್ನ ಹೆಂಡತಿ ಧಾರವಾಡದವಳು, ಕಾಯೋದು ಗೊತ್ತಿಲ್ಲ. ಅಮ್ಮ ಬಾಯಿ ತೆರೆಯೋದರೊಳಗೆ ಚಾಕು ಅರ್ಧ ಇಳಿದಿತ್ತು. ಎರಡು ನಿಮಿಷ ಅಡುಗೆಮನೆಯಲ್ಲಿ ಫ್ರಿಜ್ ಸದ್ದು ಮಾತ್ರ. ಆಮೇಲೆ ಅಮ್ಮ, “ಸರಿ ಬಿಡು. ಬೀಜ ಬಿಸಾಕ್ಬೇಡ ಕಣಮ್ಮ” ಅಂದಳು. ಅಷ್ಟೇ. ಹೆಂಡತಿ, “ಇಲ್ಲರಿ ಅತ್ತಿ, ಇಟ್ಟೇನಿ” ಅಂದಳು. ಈಳಿಗೆಮಣೆ ಇಲ್ಲದ ಮನೆಯಲ್ಲಿ ಇಬ್ಬರೂ ಸೇರಿ ಒಂದು ಗಂಟೆ ಹೆಚ್ಚಿದರು.

ಕಾಯಿ ತೀರಾ ಗಟ್ಟಿ ಇದ್ದರೆ ಒಂದು ಉಪಾಯ. ಚಿಕ್ಕದಾದರೆ ನಾಲ್ಕಾರು ಕಡೆ ಚುಚ್ಚಿ ಎರಡು ಮೂರು ನಿಮಿಷ ಮೈಕ್ರೋವೇವ್‌ನಲ್ಲಿಡಿ, ಸಿಪ್ಪೆ ಸಡಿಲವಾಗುತ್ತೆ. ಚುಚ್ಚೋದು ಮರೀಬೇಡಿ, ಸಿಡಿಯುತ್ತೆ.

ಈಗ ಅಪ್ಪನ ವಿಷಯ. ಅಪ್ಪನಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಆ ಹನ್ನೊಂದು ವರ್ಷವೂ ನಮ್ಮ ಮನೆಯಲ್ಲಿ ಸಿಹಿಗುಂಬಳ ಬೇಯಿಸಿರಲಿಲ್ಲ. ನನಗದು ಗೊತ್ತೇ ಇರಲಿಲ್ಲ, ಹಾಸ್ಟೆಲು, ಬೆಂಗಳೂರು ಅಂತ ಹೊರಗೇ ಇದ್ದೆ. ಕಾರಣ ಕೇಳಿದರೆ, “ಹೆಸರಲ್ಲೇ ಸಿಹಿ ಇದೆಯಲ್ಲಪ್ಪ” ಅಂದಳು ಅಮ್ಮ. ಅವರು ತಿನ್ನಲ್ಲ ಅಂತ ಇವಳೂ ತಿಂದಿಲ್ಲ. ಅಮ್ಮನಿಗೆ ಕುಂಬಳಕಾಯಿ ಪಲ್ಯ ಅಂದರೆ ಎಷ್ಟು ಇಷ್ಟ ಅನ್ನೋದು ಅವತ್ತು ಅಪ್ಪ ಹೇಳಿ ಗೊತ್ತಾಯಿತು.

ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಏಕೆಂದರೆ ನಿಮ್ಮ ಮನೆಯಲ್ಲೂ ಹೀಗೇ ಇರಬಹುದು. 100 ಗ್ರಾಂ ಹಸಿ ಕುಂಬಳಕಾಯಿಯಲ್ಲಿ ಸುಮಾರು 26 ಕ್ಯಾಲೊರಿ, ಆರೂವರೆ ಗ್ರಾಂ ಕಾರ್ಬೋಹೈಡ್ರೇಟ್. ಉಳಿದದ್ದು ಬಹುಪಾಲು ನೀರು. ಒಂದು ಬಟ್ಟಲು ಪಲ್ಯಕ್ಕೆ 150 ಗ್ರಾಂ ಹಿಡಿದರೂ ಹತ್ತು ಗ್ರಾಂ ಕಾರ್ಬ್ಸ್. ಅದೇ ಒಂದು ಕಪ್ ಅನ್ನದಲ್ಲಿ ಸುಮಾರು 45 ಗ್ರಾಂ. ಕುಂಬಳಕಾಯಿಯ ಗ್ಲೈಸೆಮಿಕ್ ಇಂಡೆಕ್ಸ್ ಹೆಚ್ಚು ಅಂತ ವಾಟ್ಸಾಪಿನಲ್ಲಿ ಹೆದರಿಸೋರು ಇದ್ದಾರೆ. ಇಂಡೆಕ್ಸ್ ಹೆಚ್ಚೇ. ಆದರೆ ಅದು ಸಕ್ಕರೆ ರಕ್ತಕ್ಕೆ ಎಷ್ಟು ಬೇಗ ಹೋಗುತ್ತೆ ಅನ್ನೋ ಅಳತೆ. ನಾವು ತಿನ್ನೋ ಪ್ರಮಾಣದಲ್ಲಿ ಒಟ್ಟು ಎಷ್ಟು ಹೋಗುತ್ತೆ ಅನ್ನೋದಕ್ಕೆ ಗ್ಲೈಸೆಮಿಕ್ ಲೋಡ್ ಅನ್ನೋ ಇನ್ನೊಂದು ಲೆಕ್ಕ ಇದೆ. ಅದು ಕುಂಬಳಕಾಯಿಗೆ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಸ್ಪೀಡ್ ಜಾಸ್ತಿ, ಫೈಲ್ ಸೈಜ್ ಚಿಕ್ಕದು. ಪಲ್ಯಕ್ಕೆ ಎರಡು ಉಂಡೆ ಬೆಲ್ಲ ಹಾಕಿ ‘ಬೆಲ್ಲ ಆರೋಗ್ಯಕ್ಕೆ ಒಳ್ಳೇದು’ ಅಂದರೆ ಆ ಲೆಕ್ಕ ಕೆಡುತ್ತೆ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲವೂ ಸಕ್ಕರೆಯೇ.

ಊರಿನ ಡಾಕ್ಟರಿಗೆ ಅಪ್ಪ ಫೋನ್ ಮಾಡಿ ಕೇಳಿದರು. “ಧಾರಾಳವಾಗಿ ತಿನ್ನಿ ರಾಯರೇ, ಅನ್ನ ಕಡಿಮೆ ಮಾಡಿ” ಅಂದರಂತೆ. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಹಾಗಾಗಿ ಅವರೂ ಹೇಳಿರಲಿಲ್ಲ. ಊಟವಾಗಿ ಎರಡು ಗಂಟೆಗೆ ಅಪ್ಪ ಮೀಟರ್ ಹಿಡಿದು ಕೂತರು. ಸಂಖ್ಯೆ ಅವರ ಮಾಮೂಲಿ ಮಟ್ಟದಲ್ಲೇ ಇತ್ತು. ಒಂದು ಡೇಟಾ ಪಾಯಿಂಟಿನಿಂದ ಏನೂ ಸಾಬೀತಾಗಲ್ಲ ಅಂತ ನಾನು ಹೇಳೋಕೆ ಹೋದೆ. ಹೆಂಡತಿ ಕಣ್ಣಲ್ಲೇ ಸುಮ್ಮನಿರಿಸಿದಳು.

ಅವತ್ತಿನ ಪಲ್ಯ ಹೀಗೆ. ಎಳೆಯದಾದರೆ ಸಿಪ್ಪೆ ಸಮೇತ, ಬಲಿತಿದ್ದರೆ ಸಿಪ್ಪೆ ತೆಗೆದು ದಪ್ಪ ದಪ್ಪ ಹೋಳು. ಎರಡು ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ, ಇಂಗು, ಕರಿಬೇವು. ಹೋಳು ಹಾಕಿ ಮುಚ್ಚಿ. ನೀರು ಬೇಡವೇ ಬೇಡ, ಅದೇ ಬಿಟ್ಟುಕೊಳ್ಳುತ್ತೆ. ಚಾಕು ಇಳಿಯೋ ಹದಕ್ಕೆ ಬಂದಾಗ ಉಪ್ಪು, ಕೊನೆಗೆ ಒಂದು ಹಿಡಿ ಕಾಯಿತುರಿ. ಎಣ್ಣೆಯೇ ಇಲ್ಲದೆ ಬೇಯಿಸಿ ತಿನ್ನೋ ಡಯಟ್ ಶೂರರಿಗೆ ಒಂದು ಮಾತು. ಕುಂಬಳಕಾಯಿಯ ಆ ಬಣ್ಣ ಬೀಟಾ ಕ್ಯಾರೋಟಿನ್ನಿನದು, ನಮ್ಮ ದೇಹ ಅದನ್ನ ವಿಟಮಿನ್ ಎ ಮಾಡಿಕೊಳ್ಳುತ್ತೆ. ಅದು ಕರಗೋದು ಕೊಬ್ಬಿನಲ್ಲಿ. ಸ್ವಲ್ಪ ಎಣ್ಣೆಯೋ ತುಪ್ಪವೋ ಇಲ್ಲದಿದ್ದರೆ ದೇಹಕ್ಕೆ ಸರಿಯಾಗಿ ಹತ್ತಲ್ಲ. ಅಜ್ಜಿಯರ ಒಗ್ಗರಣೆ ಬರೀ ಘಮಕ್ಕಲ್ಲ.

ಅಮ್ಮ ಆ ಕಾಯಿಯಲ್ಲಿ ಬಿಸಾಕಿದ್ದು ತೊಟ್ಟು ಮಾತ್ರ. ಸಿಪ್ಪೆಯನ್ನ ಬೇಯಿಸಿ, ಹುರಿದ ಉದ್ದಿನಬೇಳೆ, ಎಳ್ಳು, ಮೆಣಸಿನಕಾಯಿ, ಹುಣಸೆಹಣ್ಣಿನ ಜೊತೆ ರುಬ್ಬಿದಳು. ಚಪಾತಿಗೆ ಅದರಷ್ಟು ಒಳ್ಳೆಯ ಜೊತೆ ಇನ್ನೊಂದಿಲ್ಲ. ಮಾರನೇ ದಿನ ಅಲಸಂದೆಕಾಳು ಹಾಕಿ ಹುಳಿ. ಕಾಳು ಸೇರಿದರೆ ಪ್ರೋಟೀನೂ ಬಂತು, ನಾರೂ ಬಂತು, ಹೊಟ್ಟೆ ಸಂಜೆವರೆಗೆ ತುಂಬಿರುತ್ತೆ. ಹೋಳು ಕರಗಿ ಹೋಗೋ ಹಾಗೆ ಬೇಯಿಸಬೇಡಿ ಅಷ್ಟೇ.

ಬೀಜಕ್ಕೆ ಹೆಂಡತಿಯ ಉಸ್ತುವಾರಿ. ತೊಳೆದು, ಉಪ್ಪುನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಬಟ್ಟೆಯ ಮೇಲೆ ಆರಿಸಿ, ಸ್ವಲ್ಪ ಎಣ್ಣೆ ಖಾರ ಸವರಿ 350 ಡಿಗ್ರಿ ಫ್ಯಾರನ್‌ಹೀಟ್ ಓವನ್ನಿನಲ್ಲಿ 15-20 ನಿಮಿಷ. ಓವನ್ ಇಲ್ಲದಿದ್ದರೆ ದಪ್ಪ ತಳದ ಬಾಣಲೆ, ಸಣ್ಣ ಉರಿ. ಸೂಪರ್ ಮಾರ್ಕೆಟ್ಟಿನಲ್ಲಿ ಪುಟ್ಟ ಪ್ಯಾಕೆಟ್ಟಿಗೆ ದುಬಾರಿ ದುಡ್ಡು ಕೊಟ್ಟು ತರ್ತೀವಲ್ಲ, ಅದೇ ಬೀಜ. 100 ಗ್ರಾಂ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, ಮೆಗ್ನೀಸಿಯಮ್ಮೂ ಧಾರಾಳ. ಕ್ಯಾಲೊರಿಯೂ 550 ದಾಟುತ್ತೆ, ಹಾಗಾಗಿ ಮೀಟಿಂಗಿನಲ್ಲಿ ಡಬ್ಬಿ ಮುಂದಿಟ್ಟುಕೊಂಡು ಕೂರಬೇಡಿ. ದಿನಕ್ಕೆ ಒಂದು ಸಣ್ಣ ಹಿಡಿ ಸಾಕು.

ಉಡುಪಿಯ ಗೆಳೆಯನೊಬ್ಬ ಅವತ್ತು ರಾತ್ರಿ ಬಂದವನು ಹೋಳು ನೋಡಿ, “ಓ, ಚೀನಿಕಾಯಿ!” ಅಂದ. ಮೆಕ್ಸಿಕೋದಿಂದ ಬಂದ ಕಾಯಿಗೆ ನಮ್ಮ ಕರಾವಳಿಯಲ್ಲಿ ಚೀನಾದ ಹೆಸರು! ಅವನಿಂದ ದೋಸೆ ಕಲಿತೆವು. ನೆನೆಸಿದ ಅಕ್ಕಿ, ಅಷ್ಟೇ ಪ್ರಮಾಣದ ಕುಂಬಳ ತುರಿ, ಉಪ್ಪು, ಬೇಕಿದ್ದರೆ ಎರಡು ಮೆಣಸಿನಕಾಯಿ, ರುಬ್ಬಿ ಹಾಗೇ ಹೊಯ್ಯೋದು. ಹುದುಗು ಬರಿಸೋ ತಾಪತ್ರಯ ಇಲ್ಲ. ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಸ್ಟ್ಯಾಂಡಪ್ ಕಾಲ್ ಇರೋರಿಗೆ ಇದೇ ಸೂಕ್ತ. ಅಮ್ಮ ಅದನ್ನ ಫೋನಿನಲ್ಲಿ ಊರಿಗೆ, ತನ್ನ ತಂಗಿಗೆ ತಾನೇ ಕಂಡುಹಿಡಿದವಳ ಹಾಗೆ ಹೇಳ್ತಾ ಇದ್ದಳು.

ಗಾರಿಗೆ ಮಾತ್ರ ಜಗಳಕ್ಕೆ ಕಾರಣವಾಯಿತು. ಕುಂಬಳ ತುರಿ, ಬೆಲ್ಲ, ಗೋಧಿಹಿಟ್ಟು ಕಲಸಿ ತಟ್ಟಿ ಕರೆಯೋದು, ಧಾರವಾಡದ ಕಡೆ ಹಬ್ಬದ ತಿಂಡಿ. ನಾನು ಏರ್‌ಫ್ರೈಯರಿನಲ್ಲಿ ಮಾಡೋಣ ಅಂದೆ. “ಕರೀದಿದ್ರ ಅದು ಗಾರಿಗಿ ಅಲ್ರೀ, ಬಿಸ್ಕೀಟು” ಅಂತ ಹೆಂಡತಿ ಮುಗಿಸಿದಳು. ಅವಳ ಮಾತಿಗೇ ನನ್ನ ವೋಟು. ಹಬ್ಬದ ತಿಂಡಿಯನ್ನ ಹಬ್ಬಕ್ಕೆ ತಿನ್ನಬೇಕು, ಎರಡು ತಿಂದು ಏಳಬೇಕು. ದಿನಾ ತಿನ್ನೋಕೆ ಅಂತ ಅದನ್ನ ಕೆಡಿಸಬಾರದು. ವಿಜಯದಶಮಿಗೆ ಅಪ್ಪ ಅರ್ಧ ತಿಂದರು.

ಆರೋಗ್ಯದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಿಬಿಡ್ತೀನಿ. ಕುಂಬಳಕಾಯಿಯ ಹೆಸರಿನಲ್ಲಿ ಸಿಗೋದೆಲ್ಲ ಕುಂಬಳಕಾಯಿ ಅಲ್ಲ. ಪಂಪ್‌ಕಿನ್ ಸ್ಪೈಸ್ ಲಾಟೆ ಅಂತ ಕುಡಿಯೋದರಲ್ಲಿ ಘಮ ಅನ್ನೋದು ಚಕ್ಕೆ, ಶುಂಠಿ, ಜಾಯಿಕಾಯಿ, ಲವಂಗ. ಇದನ್ನ ಜನಪ್ರಿಯ ಮಾಡಿದ ಸ್ಟಾರ್‌ಬಕ್ಸ್ 2003ರಲ್ಲಿ ಶುರು ಮಾಡಿದ್ದು, ಕುಂಬಳದ ತಿರುಳು ಹಾಕಿದ್ದು 2015ರಲ್ಲಿ. ಅಂಥ ಒಂದು ದೊಡ್ಡ ಲೋಟದಲ್ಲಿ ಸಕ್ಕರೆ ಸುಲಭವಾಗಿ 40-50 ಗ್ರಾಂ ಮುಟ್ಟುತ್ತೆ. ಡಬ್ಬಿ ತರೋದಾದರೂ ಹಣೆಪಟ್ಟಿ ಓದಿ. ‘ಪಂಪ್‌ಕಿನ್ ಪೈ ಫಿಲ್ಲಿಂಗ್’ ಅಂದರೆ ಸಕ್ಕರೆ ಹಾಕಿಟ್ಟಿರೋದು. ಬರೀ ‘ಪಂಪ್‌ಕಿನ್’ ಅಂತ ಇರೋದನ್ನ ತನ್ನಿ. ಅದರಲ್ಲಿ ಚಪಾತಿ ಹಿಟ್ಟು ಕಲಸಿದರೆ ಮಕ್ಕಳಿಗೆ ಗೊತ್ತೇ ಆಗಲ್ಲ.

ಮಗಳ ಗುಂಡು ಕಾಯಿಗೆ ಅಪ್ಪ ಕಣ್ಣು, ಹಲ್ಲು ಕೊರೆದುಕೊಟ್ಟರು. “ಅಜ್ಜಿ, ಯಾಕೆ ಹೆದರಿಸೋ ಮುಖ?” ಅಂತ ಅವಳು ಕೇಳಿದರೆ ಅಮ್ಮನಿಗೆ ಯಾವ ಗೂಗಲ್ಲೂ ಬೇಕಾಗಲಿಲ್ಲ. “ದೃಷ್ಟಿ ಆಗದೇ ಇರ್ಲಿ ಅಂತ ಪುಟ್ಟೀ. ನಮ್ಮೂರಲ್ಲಿ ಕಟ್ತಾ ಇರೋ ಮನೆಗೆ ಬೂದುಗುಂಬಳದ ಮೇಲೆ ರಾಕ್ಷಸನ ಮುಖ ಬರೆದು ನೇತು ಹಾಕಲ್ವಾ? ಹಂಗೇ.” ಐರ್ಲೆಂಡಿನವರು ಕೆಟ್ಟ ಶಕ್ತಿಗಳನ್ನ ಓಡಿಸೋಕೆ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡ್ತಿದ್ದರು, ಅಮೆರಿಕಕ್ಕೆ ಬಂದಮೇಲೆ ಕೊರೆಯೋಕೆ ಸುಲಭ ಅಂತ ಕುಂಬಳ ಹಿಡಿದರು ಅನ್ನೋ ಕಥೆ ನಾನು ಆಮೇಲೆ ಓದಿ ಹೇಳಿದೆ. ಅಮ್ಮನಿಗೆ ಅದೇನೂ ಹೊಸದು ಅನ್ನಿಸಲಿಲ್ಲ. ಆಯುಧಪೂಜೆಗೆ ಕಾರಿನ ಮುಂದೆ ಒಡೆಯೋಕೆ ಫೇರಿಟೇಲಿನ ಉಳಿದ ಅರ್ಧ ಆಗಬಹುದಾ ಅಂತ ಅಪ್ಪ ಕೇಳಿದಾಗ ಮಾತ್ರ ರೇಗಿದಳು. “ತಿನ್ನೋ ಕಾಯಿ ರೀ ಅದು! ನಿಂಬೆಹಣ್ಣು ಇಡಿ ಸಾಕು.” ಚಕ್ರಕ್ಕೆ ನಿಂಬೆಹಣ್ಣೇ ಇಟ್ಟೆವು. ಬೆಂಗಳೂರಿನ ರಸ್ತೆಯಲ್ಲಿ ಹಬ್ಬದ ಮಾರನೇ ದಿನ ಬೈಕ್ ಜಾರಿಸಿಕೊಂಡವರಿಗೆ ಅಮ್ಮನ ಮಾತು ಹೆಚ್ಚು ಅರ್ಥವಾಗುತ್ತೆ.

ದೀಪ ಹಚ್ಚಿ ವಾರಗಟ್ಟಲೆ ಹೊರಗಿಟ್ಟ ಕಾಯಿಯನ್ನ ತಿನ್ನೋ ಹಾಗಿಲ್ಲ, ಒಳಗೆಲ್ಲ ಬೂಷ್ಟು ಹಿಡಿದಿರುತ್ತೆ. ಆದರೆ ಕಸಕ್ಕೂ ಹಾಕಬೇಡಿ. ಕಸದ ರಾಶಿಯ ಅಡಿಯಲ್ಲಿ ಕೊಳೆತರೆ ಮೀಥೇನ್. ಗೊಬ್ಬರದ ಹಸಿರು ಡಬ್ಬಿಗೆ ಹಾಕಿ. ಕೆಲವು ಊರುಗಳಲ್ಲಿ ಹ್ಯಾಲೋವೀನ್ ಮುಗಿದ ಮೇಲೆ ಗೊಬ್ಬರಕ್ಕೆ ಅಂತಲೇ ಸಂಗ್ರಹಿಸ್ತಾರೆ. ಕೊರೆಯದೇ ಇರೋ ಕಾಯಿಯಾದರೆ ಅಡುಗೆಮನೆಗೆ. ನವೆಂಬರ್ ಒಂದನೇ ತಾರೀಕು ಅಂಗಡಿಗಳಲ್ಲಿ ಕುಂಬಳಕಾಯಿ ಬೆಲೆ ಬಿದ್ದುಹೋಗುತ್ತೆ, ಅಮ್ಮ ಅವತ್ತು ಬಟರ್‌ನಟ್ ಮೂರು, ಕಬೋಚ ಎರಡು ತರಿಸಿದಳು. ಒಡೆಯದ ಕಾಯಿ ತಂಪಾದ, ಒಣಗಿದ ಜಾಗದಲ್ಲಿ ಎರಡು ಮೂರು ತಿಂಗಳು ಕೆಡಲ್ಲ. ನಮ್ಮೂರಿನಲ್ಲಿ ಅಟ್ಟದ ಮೇಲಿಡ್ತಿದ್ದರು, ಇಲ್ಲಿ ಬಾಲ್ಕನಿಯ ನೆರಳಿನ ಮೂಲೆ, ಅಡಿಗೆ ರಟ್ಟು. ಒಂದಕ್ಕೊಂದು ತಾಗಬಾರದು ಅಂತ ಅಮ್ಮನ ಕಟ್ಟಪ್ಪಣೆ. ಹೆಚ್ಚಿದ್ದಾದರೆ ಫ್ರಿಜ್ಜಿನಲ್ಲಿ ನಾಲ್ಕೈದು ದಿನ. ಬೇಯಿಸಿ ಅರೆದು ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ.

ಡಿಸೆಂಬರಿನಲ್ಲಿ ಅವರು ಊರಿಗೆ ಹೊರಟರು. ಹಿಂದಿನ ಎರಡು ದಿನ ಅಮ್ಮ ಉಳಿದ ಕಾಯಿಗಳನ್ನೆಲ್ಲ ಹೆಚ್ಚಿ, ಬೇಯಿಸಿ, ಜಿಪ್‌ಲಾಕ್ ಕವರುಗಳಿಗೆ ತುಂಬಿ ಫ್ರೀಜರಿನಲ್ಲಿ ಸಾಲಾಗಿ ಜೋಡಿಸಿದಳು. ಮೇಲೆ ಮಾರ್ಕರಿನಲ್ಲಿ ದಪ್ಪ ಅಕ್ಷರ: ‘ಹುಳಿಗೆ’, ‘ದೋಸೆಗೆ’, ‘ಚಪಾತಿಗೆ’. ‘ಪುಟ್ಟಿಗೆ, ತುಪ್ಪ ಹಾಕಿ’ ಅಂತ ಬರೆದ ನಾಲ್ಕು ಕವರು ಜನವರಿಯೊಳಗೇ ಮುಗಿದವು. ಈಗ ಮಗಳು ಅಂಗಡಿಯಲ್ಲಿ ಬಟರ್‌ನಟ್ ಕಂಡರೆ ತೊಟ್ಟು ತಿರುಗಿಸಿ ನೋಡ್ತಾಳೆ.